ಅಡಿಗಡಿಗೆ ಹೊರದೇಶಕ್ಕೆ ಹೋಗುವವನು

"ನೀನು ವಿಮಾನ ನೋಡಿರೋದೇ ಕತ್ತೆತ್ತಿ. ನಿನಗ್ಯಾಕಪ್ಪ ಹೊರದೇಶದ ಪ್ಲಾನು?"

ಫೋನಿನ ಅಂಗಡಿ ತುಂಬಿತ್ತು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಂದವನು ಸೇಲ್ಸ್‌ಮನ್, ಕೊರಳಿಗೆ ಟೈ ಗಂಟು ಬಿಗಿದುಕೊಂಡಿದ್ದ, ನಾಲಿಗೆಗೆ ಮಾತ್ರ ಯಾವ ಗಂಟೂ ಇರಲಿಲ್ಲ. ಅನ್ನಿಸಿಕೊಂಡವನು ಬಡಗಿ. ಕಿವಿಯ ಸಂದಿಯಲ್ಲಿ ಪೆನ್ಸಿಲ್, ತಲೆಯಲ್ಲಿ ಮರದ ಪುಡಿ, ಕಾಲಲ್ಲಿ ತಂತಿ ಕಟ್ಟಿದ ಚಪ್ಪಲಿ. ಅಂಥ ಚಪ್ಪಲಿಯವರು ದೇಶ ಬಿಟ್ಟು ಹೋಗಬಾರದೆಂಬ ಕಾನೂನು ಅಲ್ಲಿದ್ದವರಿಗೆಲ್ಲ ಬಾಯಿಪಾಠವಾಗಿತ್ತು. ಬಡಗಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

"ಎರಡು ಸಿಮ್ ಬೇಕು," ಎಂದ ಬಡಗಿ. "ನನಗೊಂದು, ಅಮ್ಮನಿಗೊಂದು. ಅಮ್ಮ ಹೊರದೇಶದಲ್ಲಿದಾಳೆ."

"ಮಗ ಇಲ್ಲಿ ಮರ ಕೊಯ್ತಾನೆ, ತಾಯಿ ಫಾರಿನ್ನು." ಸೇಲ್ಸ್‌ಮನ್ ಸಾಲಿನ ಕಡೆ ಕಣ್ಣು ಮಿಟುಕಿಸಿದ. "ಯಾಕೆ ಹೋದ್ರು?"

"ಮೊದ್ಲು ನನ್ ಜೊತೆನೇ ಇದ್ಳು. ಮರದ ಧೂಳಿಗೆ ಕೆಮ್ಮು ಹತ್ಕೊಂಡ್ತು. ಅಲ್ಲಿ ಗಾಳಿ ಚೆನ್ನಾಗಿದೆ. ಕಳಿಸ್ದೆ."

ಅವನ ಹಿಂದೆ ನಿಂತು ನಗುತ್ತಿದ್ದ ಅಜ್ಜಿ ನಗು ನಿಲ್ಲಿಸಿದರು. "ಕೆಮ್ಮಿದ್ಳು ಅಂತ ಹೆತ್ತವಳನ್ನ ದೇಶ ಬಿಟ್ಟು ಓಡಿಸಿದ್ಯಾ? ಭಲೆ ಮಗನೇ."

ಬಡಗಿ ಮತ್ತೆ ಸೇಲ್ಸ್‌ಮನ್ ಕಡೆಗೆ ತಿರುಗಿದ.

"ಹೋದ ತಿಂಗಳು ಅಮ್ಮ ಜಾರಿ ಬಿದ್ಳು," ಎಂದ. "ಬಿದ್ದಲ್ಲಿಂದಲೇ ಫೋನ್ ಮಾಡಿದಾಳೆ. ನನಗೆ ಬಂದೇ ಇಲ್ಲ. ನಾನು ಮರ ಕೊಯ್ಯೋ ಯಂತ್ರದ ಮುಂದೆ ಇದ್ದೆ. ಅವಳು ಮಧ್ಯಾಹ್ನದ ತನಕ ನೆಲದ ಮೇಲೆ. ಸೊಂಟ ಮುರಿದಿದೆ. ಇನ್ನೊಂದ್ಸಲ ಹಾಗಾಗ್ಬಾರ್ದು."

"ಫೋನ್ ಬಂದಿದ್ರೆ ತಾನೆ ಏನ್ ಮಾಡ್ತಿದ್ದೆ?"

"ಓಡಿ ಹೋಗ್ತಿದ್ದೆ."

ಈ ಸಲ ಬಾಗಿಲಲ್ಲಿ ಸ್ಟೂಲು ಹಾಕಿ ಕೂತಿದ್ದ ಕಾವಲುಗಾರನೂ ನಕ್ಕ. ಸೇಲ್ಸ್‌ಮನ್‌ಗೆ ಹುರುಪು ಬಂತು.

"ಎಷ್ಟು ಸಲ ಹೋಗ್ತಿರ್ತೀಯ? ವರ್ಷಕ್ಕೊಂದ್ಸಲ?"

"ಲೆಕ್ಕ ಇಟ್ಟಿಲ್ಲ. ಒಮ್ಮೊಮ್ಮೆ ಅಲ್ಲೇ ಮಲಗ್ತೀನಿ."

"ಪಾಸ್‌ಪೋರ್ಟ್ ತೋರ್ಸು ನೋಡೋಣ."

"ಇಲ್ಲ."

"ತಂದಿಲ್ವಾ?"

"ಮಾಡ್ಸೇ ಇಲ್ಲ."

ನಗು ನಿಂತಿತು.

"ಮತ್ತೆ ಯಾರೂ ತಡೆಯಲ್ವಾ ನಿನ್ನ?"

"ಇಲ್ಲಿವರೆಗೂ ಯಾರೂ ಕೇಳಿಲ್ಲ."

"ಕೈಯಲ್ಲಿ ಏನ್ ತಗೊಂಡ್ ಹೋಗ್ತೀಯ?"

"ಮಾತ್ರೆ."

ಕಾವಲುಗಾರ ಎದ್ದು ನಿಂತ. ಅಜ್ಜಿ ಕೈಚೀಲವನ್ನು ಇನ್ನೊಂದು ಕಂಕುಳಿಗೆ ಸರಿಸಿಕೊಂಡರು. ಯಾರಿಗೆ ಮಾತ್ರೆ ಎಂದು ಒಬ್ಬರೂ ಕೇಳಲಿಲ್ಲ.

"ಕೂತ್ಕೊಳ್ಳಿ," ಎಂದ ಸೇಲ್ಸ್‌ಮನ್. ಬಡವನೆಂದಾಗ ಸಿಗದ ಬಹುವಚನ, ಕಳ್ಳಸಾಗಣೆಯವನೆನಿಸಿದ ಕೂಡಲೇ ತಾನಾಗಿ ಬಂದಿತ್ತು.

ಮೂರು ಕಂಪನಿಗಳ ಪ್ಲಾನುಗಳನ್ನು ಮುಂದೆ ಹರಡಿದ. ಮೊದಲನೆಯದು ಅಗ್ಗ, ಗಡಿ ದಾಟಿದ ಮೇಲೆ ಫೋನ್ ಆರಿಸಿ ಮತ್ತೆ ಹಚ್ಚಬೇಕು, ಆಮೇಲೆ ಅದಕ್ಕೆ ಮನಸ್ಸು ಬಂದಾಗ ನೆಟ್‌ವರ್ಕ್. ಬಡಗಿ ಬೇಡವೆಂದು ತಲೆಯಾಡಿಸಿದ. ಎರಡನೆಯದರಲ್ಲಿ ಬೇಕಾದಷ್ಟು ಇಂಟರ್ನೆಟ್ಟು, ಜೊತೆಗೆ ವಿಮಾನ ನಿಲ್ದಾಣದ ಮೆತ್ತನೆ ಕುರ್ಚಿಯ ಕೋಣೆಗೆ ಪುಕ್ಕಟೆ ಪ್ರವೇಶ.

"ಕುರ್ಚಿ ನಾನೇ ಮಾಡ್ಕೋತೀನಿ," ಎಂದ ಬಡಗಿ. "ಅಮ್ಮ ಗುಂಡಿ ಒತ್ತಿದ ತಕ್ಷಣ ನನ್ನ ಜೇಬು ನಡುಗಬೇಕು. ಸದ್ದು ಆಗದಿದ್ರೂ ಪರವಾಗಿಲ್ಲ, ಯಂತ್ರದ ಮುಂದೆ ಕೇಳ್ಸಲ್ಲ. ನಡುಗಬೇಕು."

"ಹಾಗಾದ್ರೆ ಇದು ಮೂರನೇದು. ಅಲ್ಲಿನ ಟವರ್ರು, ಇಲ್ಲಿನ ಟವರ್ರು, ಎರಡೂ ಕಣ್ ಮಿಟುಕಿಸೋದ್ರೊಳಗೆ ಹಿಡ್ಕೊಳ್ಳುತ್ತೆ. ಆದ್ರೆ ದುಬಾರಿ. ಮನೆ ಹೊಸ್ತಿಲು ದಾಟಿದ ಹಾಗೆ ದೇಶ ದಾಟೋರು ತಗೊಳ್ಳೋದು ಇದು."

"ಅದೇ ಕೊಡಿ."

ಸೇಲ್ಸ್‌ಮನ್ ಸಿಮ್‌ಗಳನ್ನು ಪುಟ್ಟ ಲಕೋಟೆಗೆ ಹಾಕಿದ. "ಅಮ್ಮನ ಸಿಮ್ಮು ಕೊರಿಯರ್ ಮಾಡ್ತೀರಾ?"

"ನಾನೇ ಕೊಡ್ತೀನಿ. ಸಂಜೆ."

ಸೇಲ್ಸ್‌ಮನ್ ಕಾವಲುಗಾರನ ಮುಖ ನೋಡಿದ. ಕಾವಲುಗಾರ ಗೋಡೆಯ ಕ್ಯಾಲೆಂಡರು ನೋಡಿದ. ಪೊಲೀಸರಿಗೆ ಹೇಳಬಹುದಿತ್ತು. ಆದರೆ ಆ ತಿಂಗಳು ಅಷ್ಟು ದುಬಾರಿ ಪ್ಲಾನು ಇನ್ನೊಂದು ಮಾರಿರಲಿಲ್ಲ.

ಬಡಗಿ ಲಕೋಟೆಯನ್ನು ಅಂಗಿಯ ಜೇಬಿಗೆ ಇಳಿಸಿ ತಿರುಗಿದ. ಅಜ್ಜಿ ದಾರಿಗೆ ಅಡ್ಡ ನಿಂತಿದ್ದರು.

"ಕಳ್ಳನೋ ಸುಳ್ಳನೋ, ಅದು ನನಗೆ ಬೇಡ. ಇಷ್ಟು ಹೇಳು. ಆ ತಾಯಿನ ಯಾವತ್ತಪ್ಪ ಮನೆಗೆ ಕರ್ಕೊಂಡ್ ಬರ್ತೀಯ?"

ಸಾಲಿನಲ್ಲಿದ್ದವರು ಇನ್ನೊಂದು ನಗುವನ್ನು ತುಟಿಯಲ್ಲೇ ಹಿಡಿದು ಕಾಯುತ್ತಿದ್ದರು. ಬಡಗಿ ಅಜ್ಜಿಯನ್ನು ಬಳಸಿಕೊಂಡು, ಕಾವಲುಗಾರನನ್ನು ದಾಟಿ, ಹೊರನಡೆದುಬಿಟ್ಟ.

ಸಂಜೆ ಬಸ್ಸಿಳಿದು ಅಮ್ಮನ ಫೋನಿಗೊಂದು, ತನ್ನದಕ್ಕೊಂದು ಸಿಮ್ ಹಾಕಿದ. ಅಮ್ಮನದನ್ನು ಅವಳ ಕೈಗಿತ್ತು, ಯಾವ ಗುಂಡಿ ಒತ್ತಬೇಕೆಂದು ತೋರಿಸಿ, ಕೆಲಸಕ್ಕೆ ಮರಳಿದ. ಯಂತ್ರ ಓಡತೊಡಗಿತು. ಹಲಗೆ ಅರ್ಧ ಸೀಳಿರಲಿಲ್ಲ, ಜೇಬು ನಡುಗಿತು. ಯಂತ್ರ ಆರಿಸಿದ. ಓಡಿದ.

ಓಡಬೇಕಾದದ್ದು ಮುಂದಿನ ಕೋಣೆಯ ಯಂತ್ರದಿಂದ ನಡುಮನೆಯ ಅಗಲದಷ್ಟೇ ದೂರ. ಅವನ ಅಜ್ಜ ಆ ಮನೆ ಕಟ್ಟಿದ ಮೇಲೆ ಯಾರೋ ನಕ್ಷೆಯವರು ಬಂದು, ಯಾರನ್ನೂ ಕೇಳದೆ, ದೇಶದ ಗಡಿಯೆಂದು ನಡುಮನೆಯ ಮಧ್ಯೆ ಬಿಳಿ ಗೆರೆ ಎಳೆದು ಹೋಗಿದ್ದರು. ಗೆರೆ ದಾಟಿ ಹಿಂದಿನ ಕೋಣೆಗೆ ಕಾಲಿಟ್ಟ. ಮಂಚದ ಮೇಲಿನಿಂದ ಅಮ್ಮ, "ಏನಿಲ್ಲ, ಬರುತ್ತೋ ಇಲ್ವೋ ಅಂತ ಒತ್ತಿ ನೋಡ್ದೆ," ಎಂದಳು.

ಜೇಬಿನ ಫೋನು ಇನ್ನೊಮ್ಮೆ ನಡುಗಿತು: "ವಿದೇಶಕ್ಕೆ ಸ್ವಾಗತ. ನಿಮ್ಮ ಪ್ರವಾಸ ಸುಖಕರವಾಗಿರಲಿ."