ಹಸಿರಾದರೆ ಒಗ್ಗರಣೆ

ಓಣಿಯಲ್ಲಿ ಆಸ್ತಮಾ ಇದ್ದದ್ದು ಇಂದಿರವ್ವ ಒಬ್ಬಳಿಗೇ. ದಿನಾ ಬೆಳಿಗ್ಗೆ ಅವಳು ಕಟ್ಟೆಗೆ ಬಂದು ಉಸಿರಿನ ಮೀಟರು ಊದಬೇಕು. ಮುಳ್ಳು ಹಸಿರು ಪಟ್ಟಿ ಮುಟ್ಟಿದರಷ್ಟೇ ಹದಿನಾಲ್ಕು ಮನೆಗಳಲ್ಲಿ ಒಗ್ಗರಣೆಯ ಘಾಟು. ಆಸ್ತಮಾದವರಿರುವ ಓಣಿಗಳಿಗೆಲ್ಲ ಊರಿನಲ್ಲಿ ಅದೇ ಕಾನೂನು.

ಸೋಮವಾರ ಮುಳ್ಳು ಹಳದಿಯಲ್ಲೇ ನಿಂತಿತು.

"ಆರಾಮ ಆತಂತ ದಿನದ ಔಷಧದ ಪಂಪು ಬಿಟ್ಟೀರೇನವ್ವಾ?" ಆರೋಗ್ಯ ಕೇಂದ್ರದ ನರ್ಸ್ ಮೆಹರುನ್ನಿಸಾ ಕೇಳಿದಳು.

"ನಾಕ ದಿನಾ ಅಷ್ಟ..."

"ಪಂಪು ನಾ ಕೊಡಬಹುದು. ಎಳಕೊಂಡು ಬಾಯಿ ಮುಕ್ಕಳಿಸೂದು ನಿಮ್ಮ ಕೈಯಾಗೈತಿ."

ಅವತ್ತು ಓಣಿಯೆಲ್ಲ ಸಪ್ಪೆ ಸಾರು ಉಂಡಿತು. ಮರುದಿನದಿಂದ ಎಲ್ಲ ಕಿಟಕಿಗಳಿಂದಲೂ ಒಂದೇ ಕೂಗು: "ಪಂಪು ಎಳಕೊಂಡೇನಬೇ? ಬಾಯಿ ಮುಕ್ಕಳಿಸಿದೇನು?"

"ನನ್ನ ಎದಿ, ನಾ ನೋಡ್ಕೋತೀನಿ!" ಎಂದು ಗದರಿದ ಇಂದಿರವ್ವ, ಪಂಪನ್ನು ಹಲ್ಲುಪುಡಿ ಡಬ್ಬಿಯ ಪಕ್ಕಕ್ಕೆ ತಂದಿಟ್ಟುಕೊಂಡಳು.

ಎಂಟನೇ ದಿನ ಮುಳ್ಳು ಹಸಿರಿಗೇರಿತು. ಅವಳು ಮೀಟರು ಕೆಳಗಿಡುವ ಮೊದಲೇ ಹದಿನಾಲ್ಕು ಮನೆಗಳ ಸಾಸಿವೆ ಒಟ್ಟಿಗೇ ಚಟಪಟ ಸಿಡಿಯಿತು.