ಒಂದು ಬೆರಳು ಹೆಚ್ಚು

ಕಡಲಿನ ತಳದಲ್ಲಿ ಮುಳುಗಿದ್ದ ಆ ಹಳೇ ಹಡಗಿನ ಹೊಟ್ಟೆಯೊಳಗೆ, ಮಂದಾಕಿನಿ ವರ್ಷಗಟ್ಟಲೆ ಹುಡುಕಿದ್ದ ಮಡಕೆ ಕೊನೆಗೂ ಸಿಕ್ಕಿತು. ಹಿಂದಿನ ಕಾಲದ ಪೂಜಾರಿಗಳು ಮೈಮೇಲೆ ದೇವರು ಬರಿಸಿಕೊಳ್ಳಲು ದತ್ತೂರಿ ಬೀಜದ ಕಷಾಯ ಕುಡಿಯುತ್ತಿದ್ದರು ಎಂಬುದು ಅವಳ ವಾದ. ಮಡಕೆಯ ತಳಕ್ಕೆ ಅಂಟಿದ ಚೂರು ಮಡ್ಡಿ ಸಾಕಿತ್ತು, ನಕ್ಕವರ ಬಾಯಿ ಮುಚ್ಚಿಸಲು.

ಅಷ್ಟು ಆಳಕ್ಕೆ ಇಳಿದರೆ ಒಮ್ಮೊಮ್ಮೆ ಹೆಂಡ ಕುಡಿದಂತೆ ತಲೆ ತಿರುಗುತ್ತದೆ. ಅದಕ್ಕೇ ಮುಳುಗುವವರಲ್ಲೊಂದು ಪದ್ಧತಿ: ಒಬ್ಬರು ಬೆರಳು ತೋರಿಸಿದರೆ, ಜೊತೆಯವರು ಒಂದು ಹೆಚ್ಚು ತೋರಿಸಬೇಕು. ತಪ್ಪಿದರೆ ಎಲ್ಲ ಬಿಟ್ಟು ಮೇಲೇಳಬೇಕು.

ಅವಳು ಜೊತೆಗಾರ ಗಿಲ್ಬರ್ಟನಿಗೆ ಮೂರು ಬೆರಳು ತೋರಿಸಿದಳು. ಅವನು ಐದು ತೋರಿಸಿದ. ಮತ್ತೆ ಮೂರು ತೋರಿಸಿದಳು. ಮತ್ತೆ ಐದೇ! ಅವನ ಕಣ್ಣು ಬೇರೆ ಗಾಬರಿಯಿಂದ ಅರಳಿತ್ತು.

ಮಡಕೆಯೋ, ಮನುಷ್ಯನೋ? ಹಲ್ಲು ಕಚ್ಚಿಕೊಂಡು ಮಡಕೆ ಬಿಟ್ಟಳು, ಅವನ ತೋಳು ಹಿಡಿದಳು.

ದೋಣಿ ಹತ್ತಿದ ಮೇಲೆ ಕೆಮ್ಮಿ ಕೆಮ್ಮಿ, ಬಾಯಿತುಂಬ ಕೆಸರು ಉಗುಳುತ್ತಾ ಸಿಡುಕಿದಳು. "ಏನಾಗಿತ್ರೀ ನಿಮಗೆ? ನಿಮ್ಮ ಜೀವ ಉಳಿಸೋಕೆ ಹೋಗಿ ನನ್ನ ಮಡಕೆ ಅಲ್ಲೇ ಉಳೀತು!"

ಗಿಲ್ಬರ್ಟ್ ಅವಳಿಗೆ ಬಾಯಿ ಒರೆಸಿಕೊಳ್ಳಲು ಬಟ್ಟೆ ಕೊಟ್ಟ.

"ನೀವು ತೋರಿಸಿದ್ದೇ ನಾಲ್ಕು ಬೆರಳು, ಮೇಡಂ. ಮೇಲೆ ಎಳ್ಕೊಂಡು ಬಂದದ್ದೂ ನಾನೇ. ನೀವು ಗಾಳಿಯ ಕೊಳವೆ ಬಾಯಿಂದ ಕಿತ್ತು, ಆ ಮಡಕೆ ಎತ್ತಿ ಕುಡೀಲಿಕ್ಕೆ ಶುರು ಮಾಡಿದ್ರಿ."