ತಲೆ ತಗ್ಗಿಸಿದ ನರಿ

“ಮಾವ, ಆ ನರಿ ಪ್ರಾರ್ಥನೆ ಮಾಡ್ತಿಲ್ಲ,” ಅಂದಳು ಸೊಸೆ. ಆರಾಧನೆ ನಡೆಸುತ್ತಿದ್ದ ಪಾಸ್ಟರ್ ಕಣ್ಣಿಗೆ ಕಟ್ಟಿದ್ದ ವಿಆರ್ ಹೆಡ್‌ಸೆಟ್ ಕಿತ್ತು ಕೈಯಲ್ಲಿ ಹಿಡಿದು ಅವಳ ಮುಖ ನೋಡಿದರು. ಒಗೆದ ಬಟ್ಟೆ ಮಡಚುತ್ತಲೇ ಅವಳು ಕಣ್ಣಲ್ಲೇ ಕಂಪ್ಯೂಟರ್ ಪರದೆ ತೋರಿಸಿದಳು. ಅವರ ಆನ್‌ಲೈನ್ ಚರ್ಚಿಗೆ ಜನ ಬೇಕಾದ ವೇಷದ ಗೊಂಬೆಗಳಾಗಿ ಬರುತ್ತಿದ್ದರು. ಮುಂದಿನ ಬೆಂಚಿನ ನರಿಯದು ಪ್ರಾರ್ಥನೆ ಹೊತ್ತಿಗೆ ಯಾವಾಗಲೂ ತಗ್ಗಿದ ತಲೆ. “ಹೆಡ್‌ಸೆಟ್ ತೆಗೆದಿಟ್ರೆ ಗೊಂಬೆ ತಾನಾಗೇ ತಲೆ ಬಗ್ಗಿಸುತ್ತೆ. ಅಲ್ಲಿ ಯಾರೂ ಇಲ್ಲ.”

ಪಾಸ್ಟರ್ ತಬ್ಬಿಬ್ಬಾದರು. ಭಕ್ತಿ ಅಂದ್ರೆ ನರಿಯನ್ನ ನೋಡಿ ಕಲೀರಿ ಅಂತ ಸಭೆಗೆಲ್ಲ ಹೇಳಿಬಿಟ್ಟಿದ್ದರು! ಹಾಗಾದರೆ ತಾವು ಪ್ರತಿ ಭಾನುವಾರ ಕೈಯಿಟ್ಟು ಆಶೀರ್ವದಿಸಿದ್ದು ಖಾಲಿ ಗೊಂಬೆಯನ್ನೇ?

ಗಡಿಬಿಡಿಯಲ್ಲಿ ಹೆಡ್‌ಸೆಟ್ ಮತ್ತೆ ಹಾಕಿಕೊಂಡರೆ, ಇಡೀ ಸಭೆಯೇ ತಲೆ ತಗ್ಗಿಸಿ ಕೂತಿತ್ತು. ಇವರೆಲ್ಲ ಪ್ರಾರ್ಥನೆಯಲ್ಲಿದ್ದಾರೋ, ಬೇಜಾರಾಗಿ ಎದ್ದು ಹೋದರೋ? ಎತ್ತಿದ ತಲೆ ಒಂದೇ ಒಂದು. ಅದು ನರಿಯದು.

“ಪಾಸ್ಟರ್, ಹಾಸಿಗೆ ಹಿಡಿದಿರೋ ಅಮ್ಮನ ಮಗ್ಗುಲು ಬದಲಿಸೋಕೆ ಪ್ರತಿ ಸಲ ನಡುವೆ ಎದ್ದು ಹೋಗ್ತೀನಿ,” ಅಂದಿತು ನರಿಯೊಳಗಿನ ಹೆಂಗಸಿನ ದನಿ. “ಈಗ ಬಂದು ನೋಡಿದ್ರೆ ನೀವು ತಲೆ ತಗ್ಗಿಸಿ ನಿಂತಿದ್ರಿ, ನಿಮ್ಮನ್ನ ನೋಡಿ ಎಲ್ಲರೂ ತಗ್ಗಿಸಿದ್ದಾರೆ. ಇಷ್ಟು ಹೊತ್ತು ಯಾರಿಗೋಸ್ಕರ ಬೇಡ್ಕೊಂಡ್ರಿ? ನಮ್ಮಮ್ಮನಿಗಾ?”

ಹೌದೆಂದರೆ ಸುಳ್ಳು. ಪಾಸ್ಟರ್ ತಲೆ ತಗ್ಗಿಸಿದರು. ಈ ಸಲ ಹೆಡ್‌ಸೆಟ್ ತಲೆಯ ಮೇಲೇ ಇತ್ತು.